ನಂಬರ ಏಳರ ಹಳದಿ ಪುಡಿ

ಹನಮವ್ವನ ಕಾಡಿಗೆ ಸರ್ಕಾರದ ಕಾಗದಕ್ಕೆ ಹತ್ತಿದ್ದೇ ಎಲ್ಲಕ್ಕೂ ಮೂಲ.

ಅವಳ ಗಂಡ ಮುದಕಪ್ಪ ಹುನಗುಂದದ ಮಾಮಲೇದಾರ ಕಚೇರಿಯಲ್ಲಿ ದಫ್ತರ ಕಟ್ಟುವವನು. ಹಳೆಯ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ನಂಬರಿನ ಚೀಟಿ ಅಂಟಿಸಿ ಕಪಾಟಿನಲ್ಲಿಡುವುದು ಅವನ ಕೆಲಸ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ನಾಲ್ಕಕ್ಷರ ಕಲಿತು, ಕಚೇರಿಯ ಮೆಟ್ಟಿಲು ಹತ್ತಿದವನು ಇಡೀ ಓಣಿಗೆ ಅವನೊಬ್ಬನೇ. ಅದರ ಹೆಮ್ಮೆ ಅವನಿಗಿತ್ತು, ಇರಬೇಕಾದದ್ದೇ. ಒಮ್ಮೆ ವಿಜಾಪುರದಿಂದ ತಪಾಸಣೆಗೆ ಬಂದ ಬಿಳಿ ಸಾಹೇಬರು ಹನ್ನೆರಡು ವರ್ಷದ ಹಿಂದಿನ ಕಾಗದವೊಂದನ್ನು ಕೇಳಿದಾಗ, ಅವರು ಟೋಪಿ ತೆಗೆದಿಡುವಷ್ಟರಲ್ಲಿ ಮುದಕಪ್ಪ ಅದನ್ನು ತಂದು ಮುಂದಿಟ್ಟಿದ್ದ. ಸಾಹೇಬರು "ಗುಡ್" ಅಂದಿದ್ದರು. ಈ ಸಂಗತಿ ಕೇಳದವರು ಹುನಗುಂದದಲ್ಲಿ ಯಾರೂ ಉಳಿದಿರಲಿಲ್ಲ. ಒಂದೇ ಸಲ ಕೇಳಿದವರೂ ಇರಲಿಲ್ಲ.

ಇಂಥ ಮುದಕಪ್ಪ ಒಂದು ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಕೈಯೂರಿದ. ಅಲ್ಲಿ ಕಾಡಿಗೆಯ ಡಬ್ಬಿ ತೆರೆದಿತ್ತು. ಮಧ್ಯಾಹ್ನ ಮಾಮಲೇದಾರರು ಜಮೀನಿನ ಕಾಗದವೊಂದನ್ನು ಎತ್ತಿಹಿಡಿದು, "ಮುದಕಪ್ಪಾ, ಹೆಬ್ಬಟ್ಟು ಒಂದ ಸಾಕಿತ್ತು, ಐದೂ ಬೆರಳು ಯಾಕ ಒತ್ತೀದಿ?" ಎಂದರು. ಕಚೇರಿಗೆ ಕಚೇರಿಯೇ ನಕ್ಕಿತು.

ಅವನು ಮನೆಗೆ ಬಂದು ನೋಡುತ್ತಾನೆ, ಹೆಂಗಸರ ಸಿಂಗಾರದ ಸಾಮಾನು ಮನೆ ತುಂಬ ಹರಡಿದೆ. ಕುಂಕುಮದ ಭರಣಿ ಉಪ್ಪಿನ ಗಡಿಗೆಯ ಪಕ್ಕ, ಹಣಿಗೆ ಬಾಗಿಲ ಸಂದಿಯಲ್ಲಿ, ಮದರಂಗಿ ಎಲೆಯ ಪುಡಿ ಜೋಳದ ಚೀಲದ ಮೇಲೆ, ಸೀಗೆಪುಡಿ ಬಚ್ಚಲಲ್ಲಿ.

"ಇದೇನು ಮನಿಯೋ, ಸಂತಿಯೋ?" ಎಂದು ಕೂಗಾಡಿದ. ಬಡಿಗನಿಂದ ಹನ್ನೆರಡು ಮನೆಗಳಿರುವ ಸಾಗವಾನಿ ಪೆಟ್ಟಿಗೆ ಮಾಡಿಸಿದ. ಒಂದೊಂದನ್ನೂ ಕೆಂಪು ಬಟ್ಟೆಯಲ್ಲಿ ಕಟ್ಟಿ, ಚೀಟಿ ಅಂಟಿಸಿ, ಯಾವ ಮನೆಯಲ್ಲಿ ಏನಿದೆಯೆಂದು ಯಾದಿ ಬರೆದು ಮುಚ್ಚಳದ ಒಳಮೈಗೆ ಹಚ್ಚಿದ. ಕಚೇರಿಯ ಪದ್ಧತಿಯಂತೆ ಒಂದು ಬಣ್ಣದ್ದು ಒಂದು ಕಡೆ. ದೇವರ ಜಗಲಿಯ ಮೇಲಿದ್ದ ಬೀರಪ್ಪನ ಭಂಡಾರ, ಅಂದರೆ ಪೂಜೆಯ ಅರಿಶಿನ, ಅದೂ ಹಳದಿ ಪುಡಿಯೇ ತಾನೆ? ಅದನ್ನೂ ತಂದು ಏಳನೆಯ ಮನೆಯಲ್ಲಿಟ್ಟ. ಗೂಡಿನಲ್ಲಿ ಸಿಕ್ಕ ಇನ್ನೊಂದು ಹಳದಿ ಪುಡಿಯನ್ನು ಎಂಟರಲ್ಲಿಟ್ಟ.

"ರೀ, ಅದು ಬ್ಯಾರೆ ಐತ್ರಿ..." ಎಂದು ಹನಮವ್ವ ಬಾಯಿ ತೆರೆದಳು.

"ನೀ ಸುಮ್ನಿರು. ಬಿಳೇ ಸಾಹೇಬ್ರು ಮೆಚ್ಚಿದ ಕೈ ಇದು."

ಮರುದಿನದಿಂದ ಮನೆಗೆ ಬಂದವರಿಗೆಲ್ಲ ನೀರಿಗಿಂತ ಮೊದಲು ಪೆಟ್ಟಿಗೆಯ ದರ್ಶನ. ಮುಚ್ಚಳ ತೆರೆದು ಯಾದಿ ಓದುವನು, ಕೆಂಪು ಗಂಟುಗಳನ್ನು ಬೆರಳಿನಿಂದ ತಟ್ಟುವನು, ಆದರೆ ಬಿಚ್ಚುವುದಿಲ್ಲ. ಬಿಚ್ಚಿದರೆ ದಫ್ತರ ಕೆಡುತ್ತದೆ. ಹದಿನೈದು ದಿನದಲ್ಲಿ ಪೆಟ್ಟಿಗೆಯ ಸುದ್ದಿ ಐಹೊಳೆಯವರೆಗೆ ಹೋಯಿತು.

ಐಹೊಳೆಯಿಂದಲೇ ಮಗಳು ಚಂದವ್ವನಿಗೆ ಸಂಬಂಧ ಬಂದಿತ್ತು. ಮುನ್ನೂರು ಕುರಿಯ ಮನೆತನ, ಒಳ್ಳೆಯ ಹುಡುಗ. ಅವನನ್ನು ಕಂಡಾಗಿನಿಂದ ಚಂದವ್ವ ರೊಟ್ಟಿ ಬಡಿಯುವಾಗ ಸುಮ್ಮಸುಮ್ಮನೆ ನಗುತ್ತಿದ್ದಳು. ಆ ಸೋಮವಾರ ಹುಡುಗನ ತಂದೆ ಮಾಳಪ್ಪ ಮೂವರು ಹಿರಿಯರನ್ನು ಕರೆದುಕೊಂಡು ಮಾತು ಮುಗಿಸಲು ಬಂದ. ಮಾಳಪ್ಪನಿಗಿಂತ ಮೊದಲು ಅವನ ಮೀಸೆ ಬಾಗಿಲು ದಾಟಿತು. ತುಪ್ಪ ತೀಡಿ ತೀಡಿ ಬೆಳೆಸಿದ್ದು, ಎರಡೂ ತುದಿ ಕಿವಿಯ ಕಡೆಗೆ ತಿರುಗಿದ್ದವು.

ಪಕ್ಕದ ಮನೆಯ ಸಂಗಯ್ಯ ಕರೆಯದೆಯೇ ಬಂದು ಕಂಬಕ್ಕೊರಗಿ ಕುಳಿತ. ಎದುರು ಮನೆಯ ಪದ್ಮವ್ವ ಸಕ್ಕರೆ ಕೇಳುವ ನೆವದಿಂದ ಒಳಗೆ ಬಂದು ಅಲ್ಲೇ ನಿಂತಳು.

"ಮೊದಲು ಭಂಡಾರ ಆಗ್ಲಿ, ಆಮ್ಯಾಲೆ ಮಾತು" ಎಂದ ಮಾಳಪ್ಪ. ಇವರ ಕುಲದಲ್ಲಿ ಭಂಡಾರವಿಲ್ಲದೆ ಶುಭದ ಮಾತು ಶುರುವಾಗುವುದಿಲ್ಲ.

ಮುದಕಪ್ಪ ಇದಕ್ಕಾಗಿಯೇ ಕಾದಿದ್ದ. "ನಂಬರ ಏಳು!" ಎಂದು ಸಾರಿ, ಪೆಟ್ಟಿಗೆಯಿಂದ ಕೆಂಪು ಗಂಟನ್ನು ತೆಗೆದು ಬೀಗರ ಮುಂದೆ ಬಿಚ್ಚಿದ. "ನೋಡ್ರಿ, ಹುಡುಕೂ ಮಾತ ಇಲ್ಲ." ಹಣೆಗೆ ಹಚ್ಚಿದ, "ಚಾಂಗಭಲೋ!" ಎಂದು ಕೂಗಿ ನಾಲ್ವರ ತಲೆಯ ಮೇಲೂ ಬೊಗಸೆ ಬೊಗಸೆ ತೂರಿದ. ಹುರುಪಿನಲ್ಲಿ ಸ್ವಲ್ಪ ಹೆಚ್ಚೇ ತೂರಿದ. ಮಾಳಪ್ಪನ ಮೀಸೆ ಪೂರಾ ಹಳದಿಯಾಯಿತು.

ಆಗ ಸುರಮಾ, ಮದರಂಗಿ ಮಾರುವ ಬಿಬಿಜಾನ ಬುಟ್ಟಿ ಹೊತ್ತು ಬಾಗಿಲಿಗೆ ಬಂದಳು. ತನ್ನ ಸರಕಿನ ವಿಷಯದಲ್ಲಿ ಅವಳ ಹೆಮ್ಮೆಯೇನು ಮುದಕಪ್ಪನದಕ್ಕಿಂತ ಕಡಿಮೆಯದಲ್ಲ.

"ಹನಮವ್ವಕ್ಕಾ, ಹ್ವಾದ ತಿಂಗಳ ಒಯ್ದ ಪುಡಿ ಹಚಗೊಂಡ್ಯೇನ? ತುಟಿ ಮ್ಯಾಲಿನ ಕೂದಲಾ ಉದುರಿದ್ವೇನ?"

ಪಡಸಾಲೆಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

"ಎಂಥಾ ಪುಡಿ?" ಎಂದ ಮಾಳಪ್ಪ.

"ಹಳದೀದು. ನಾನ ಮಾಡಿದ್ದು ರೀ! ಇಳಕಲ್ಲಿನ ಮಾಸುಮಬಿಗೆ ಗಲ್ಲದ ಮ್ಯಾಲೆ ಮೂರು ಕೂದಲಾ ಇದ್ದವು. ಒಂದ ಸಲ ಹಚ್ಚಿದ್ಲು, ಬುಡಸಮೇತ ಹ್ವಾದವು. ಇನ್ನ ಈ ಜನ್ಮದಾಗ ಬರಂಗಿಲ್ಲ."

ಮಾಳಪ್ಪನ ಕೈ ತಾನಾಗಿಯೇ ಮೀಸೆಗೆ ಹೋಯಿತು. "ಬೀಗ್ರ, ನೀವು ತೂರಿದ್ದು ಭಂಡಾರ ಹೌದಲ್ಲೊ?"

"ಅದಕ್ಕ ಯಾದಿ ಐತಲ್ರಿ!" ಮುದಕಪ್ಪ ಮುಚ್ಚಳ ಎತ್ತಿ ಗಟ್ಟಿಯಾಗಿ ಓದಿದ. "ನಂಬರ ಏಳು: ಹಳದಿ ಪುಡಿ. ನಂಬರ ಎಂಟು..." ಅವನ ದನಿ ಇಳಿಯಿತು. "ಮೇಲಿನಂತೆ."

"ಮೇಲಿನಂತೆ ಅಂದ್ರ?"

"ಅಂದ್ರ... ಅದೂ ಹಳದಿ ಪುಡೀನ."

ಮಾಳಪ್ಪ ಗಾಬರಿಯಲ್ಲಿ ಮೀಸೆಯನ್ನು ಜಗ್ಗಿ ನೋಡಿದ. ಯಾವ ಮೀಸೆ ಜಗ್ಗಿದರೂ ಬರುವಂತೆ ಎರಡು ಕೂದಲು ಕೈಗೆ ಬಂದವು. "ಹ್ವಾದವು! ಬುಡಸಮೇತ ಹ್ವಾದವು!" ಎಂದು ಅರಚಿದ. ಉಳಿದ ಮೂವರೂ ತಮ್ಮ ತಮ್ಮ ಮೀಸೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

"ನೀರು ಮುಟ್ಟಸಬ್ಯಾಡ್ರಿ, ಮಜ್ಜಿಗಿ ಹಚ್ರಿ" ಎಂದ ಸಂಗಯ್ಯ. ಹಚ್ಚಿದರು. "ಮಜ್ಜಿಗಿಂದ ಏನಾಕ್ಕೈತಿ, ಹರಳೆಣ್ಣಿ ತರ್ರಿ" ಎಂದಳು ಪದ್ಮವ್ವ. ಅದನ್ನೂ ಹಚ್ಚಿದರು. ಎಣ್ಣೆಯ ಮೇಲೆ ಒಲೆಯ ಬೂದಿ ಒತ್ತಿದರೆ ಬೇರು ಗಟ್ಟಿಯಾಗುತ್ತದೆಂದು ಸಂಗಯ್ಯನಿಗೆ ಮತ್ತೆ ನೆನಪಾಯಿತು. ಬೂದಿಯೂ ಬಂತು. ಕಿವಿಯ ಕಡೆಗೆ ತಿರುಗಿದ್ದ ಮೀಸೆ ಮಳೆಯಲ್ಲಿ ನೆನೆದ ಕೋಳಿಯ ಬಾಲದಂತೆ ಗದ್ದದ ಮೇಲೆ ಜೋತುಬಿತ್ತು.

ಅಡುಗೆಮನೆಯ ಬಾಗಿಲಿನಿಂದ ಹನಮವ್ವ ಕರೆದಳು. "ರೀ, ಒಂದೀಟ ಒಳಗ ಬರ್ರಿ."

"ಈಗ ಆಗೂದಿಲ್ಲ!"

"ರೀ, ಆ ಪುಡಿ..."

"ಸುಮ್ನಿರು ಅಂದ್ನಲ್ಲ! ನಾ ವಿಚಾರ ಮಾಡಾಕತ್ತೀನಿ."

ನಿಜದಲ್ಲಿ ಅವನಿಗೆ ಯಾವ ವಿಚಾರವೂ ಹೊಳೆಯುತ್ತಿರಲಿಲ್ಲ. ಮಾಳಪ್ಪ ಎದ್ದು ರುಮಾಲು ಕೊಡವಿದ. "ನಡೀರಿ. ಮೀಸಿ ಹ್ವಾದ ಮ್ಯಾಲೆ ಯಾವ ಮಾರಿಲೆ ಬೀಗತನ ಮಾಡ್ಲಿ?" ಎಂದ. ಬಾಗಿಲ ಮರೆಯಲ್ಲಿ ನಿಂತಿದ್ದ ಚಂದವ್ವನ ಕಣ್ಣಿನಿಂದ ನೀರು ಇಳಿದು, ಹೊಸದಾಗಿ ಹಚ್ಚಿದ ಕಾಡಿಗೆ ಕೆನ್ನೆಯ ಮೇಲೆ ಗೆರೆ ಎಳೆಯಿತು. ಮುದಕಪ್ಪ ಅದನ್ನು ನೋಡಿದ. ಮೊದಲ ಸಲ ಹೆಂಡತಿ ಕರೆದ ಕಡೆಗೆ ತಾನಾಗಿ ಹೋದ.

"ಏಳರಾಗೂ ಭಂಡಾರ ಐತಿ, ಎಂಟರಾಗೂ ಭಂಡಾರ ಐತಿ" ಎಂದಳು ಹನಮವ್ವ ಮೆಲ್ಲಗೆ. "ಒಂದರಾಗ ಹಿಡೀಲಿಲ್ಲ, ಎರಡರಾಗ ತುಂಬೀನಿ. ಬಿಬಿಜಾನಳ ಪುಡಿ ಹಿತ್ತಲ ಗೂಡಿನಾಗ ಇಟ್ಟೀನಿ. ದೇವರ ಭಂಡಾರದ ಮಗ್ಗಲಕ ಅದನ್ನ ಯಾರರ ಇಡ್ತಾರೇನ್ರಿ?"

ಮುದಕಪ್ಪನಿಗೆ ಹೋದ ಜೀವ ಬಂತು. "ಮತ್ತ ಉಳಿದದ್ದು? ನನ್ನ ಯಾದಿ ಪ್ರಕಾರ ಐತಿಲ್ಲೊ?"

ಹನಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನನಗ ಓದಾಕ ಬರ್ತೈತೇನ್ರಿ? ಕುಂಕುಮ ಎಲ್ಲೈತಿ ಅಂತ ನೀವು ಕಚೇರಿಯಿಂದ ಬರೂತನ ಕಾಯಬೇಕೇನು? ಮರದಿನಾನ ಭಂಡಾರ ಒಂದು ಬಿಟ್ಟು ಎಲ್ಲಾ ಮೊದಲಿನ ಜಾಗಾಕ್ಕ ಇಟ್ಟೀನಿ. ಪೆಟಿಗಿ ಚೊಲೊ ಐತಿ, ಅದರಾಗ ಮಸಾಲಿ ಇಟ್ಟೀನಿ."

ಮುದಕಪ್ಪ ಒಲೆಯ ಮುಂದೆ ಹಾಗೇ ಕುಳಿತ. ಹದಿನೈದು ದಿನ ಊರಿಗೆ ಊರನ್ನೇ ಕರೆದು ತೋರಿಸಿದ್ದು ಸಾಸಿವೆ ಜೀರಿಗೆಯನ್ನು. ಇದನ್ನು ಹೊರಗೆ ಹೇಳಿದರೆ ಮಾಮಲೇದಾರರ ಕಿವಿಗೆ ನಾಳೆಯೇ ಮುಟ್ಟುತ್ತದೆ. ಹೇಳದಿದ್ದರೆ ಬೀಗರ ಬಂಡಿ ಐಹೊಳೆಯ ದಾರಿ ಹಿಡಿಯುತ್ತದೆ. ಅವನು ಒಂದು ಸಲ ಸಾಹೇಬರ "ಗುಡ್" ನೆನೆದ, ಒಂದು ಸಲ ಮಗಳ ಮುಖ ನೆನೆದ, ಎದ್ದು ಪಡಸಾಲೆಗೆ ಬಂದ.

"ಬೀಗ್ರ, ನಿಲ್ರಿ. ನಿಮಗ ಹಾಕಿದ್ದು ಖರೇ ಭಂಡಾರ. ನನ್ನ ಪೆಟಿಗ್ಯಾಗ ಸಿಂಗಾರದ ಸಾಮಾನು ಒಂದೂ ಇಲ್ಲ."

ಮಾಳಪ್ಪ ನಂಬಲಿಲ್ಲ. "ಸಂಬಂಧ ಉಳಸಾಕ ಸುಳ್ಳ ಹೇಳ್ತೀರಿ. ಊರ ತುಂಬ ಹೇಳ್ಯಾಡಿದ್ದು ಏನಾತು?"

ಬೇರೆ ದಾರಿಯಿರಲಿಲ್ಲ. ಮುದಕಪ್ಪ ಪೆಟ್ಟಿಗೆಯ ಮುಂದೆ ಕುಳಿತು ತಾನೇ ಅಂಟಿಸಿದ ಚೀಟಿಗಳನ್ನು ಒಂದೊಂದಾಗಿ ಓದಿದ, ಒಂದೊಂದೇ ಗಂಟು ಬಿಚ್ಚಿದ. "ನಂಬರ ಒಂದು, ಕುಂಕುಮ." ಮೆಣಸಿನಕಾಯಿ ಖಾರದ ಪುಡಿ ಹೊರಬಂತು. ಸಂಗಯ್ಯ ಏಳು ಸಲ ಸೀನಿದ. "ನಂಬರ ಎರಡು, ಕಾಡಿಗೆ." ಸಾಸಿವೆ ಉರುಳಿ ಬೀಗರ ಕಾಲ ಸಂದಿಗೆ ಹೋಯಿತು. "ನಂಬರ ಮೂರು, ಮದರಂಗಿ." ಕೊತ್ತಂಬರಿ ಕಾಳು. "ನಂಬರ ನಾಲ್ಕು, ಹಣೆಗೆ ಹಚ್ಚುವ ಮೇಣ." ಇಂಗಿನ ವಾಸನೆ ಪಡಸಾಲೆ ತುಂಬ ಹರಡಿತು. ಬಿಬಿಜಾನ ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಳು. ಪದ್ಮವ್ವ ಸಕ್ಕರೆಯ ಮಾತನ್ನೇ ಮರೆತಳು. ಐದನೆಯ ಗಂಟು ಬಿಚ್ಚುವಾಗ ಮುದಕಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು.

ಮಾಳಪ್ಪ ಪೆಟ್ಟಿಗೆಯನ್ನು ನೋಡಿದ, ಮುದಕಪ್ಪನನ್ನು ನೋಡಿದ. ಆಮೇಲೆ ಬೂದಿ ಮೆತ್ತಿದ ಮೀಸೆ ಅಲ್ಲಾಡುವಂತೆ ನಗತೊಡಗಿದ. ನಕ್ಕು ನಕ್ಕು ಕಂಬ ಹಿಡಿದುಕೊಂಡ.

"ಬೀಗ್ರ, ಈಗ ಖರೆ ಹೇಳ್ತೀನಿ ಕೇಳ್ರಿ. ನಾ ಇವತ್ತ ಬಂದದ್ದು ಸಂಬಂಧ ಬ್ಯಾಡ ಅಂತ ಹೇಳಿ ಹೋಗಾಕ."

"ಆಂ?"

"ನಿಮ್ಮ ಪೆಟಿಗಿ ಸುದ್ದಿ ಕೇಳಿ ನನ್ನ ಹೆಂಡ್ತಿ ಮೂರು ದಿನ ಸರಿಯಾಗಿ ಉಂಡಿಲ್ಲ. 'ಕುಂಕುಮಕ್ಕೂ ನಂಬರ ಹಚ್ಚೂ ಮನಿ ಅದು. ಆ ಹುಡುಗಿ ಬಂದ್ರ ನಾ ಒಂದ ಹಣಿಗಿ ಬೇಕಂದ್ರ ಸೊಸಿಗೆ ಅರ್ಜಿ ಬರಕೊಡಬೇಕು' ಅಂದ್ಲು. ಬ್ಯಾಡ ಅಂತ ಹೇಳಾಕ ಬಾಯಿ ಬರ್ಲಿಲ್ಲ, ಅದಕ್ಕ ಮೊದಲು ಭಂಡಾರ ಆಗ್ಲಿ ಅಂದೆ." ಮಾಳಪ್ಪ ಕಣ್ಣೊರೆಸಿಕೊಂಡ. "ಈಗ ಗೊತ್ತಾತು. ಇದೂ ನಮ್ಮ ಮನಿಯಂಗ ಐತಿ. ಮಾತು ಮುಗೀತು. ಹುಡುಗಿ ನಮ್ಮದು!"

ಒಳಗಿನಿಂದ ಚಂದವ್ವನ ಬಳೆಗಳ ಸಪ್ಪಳ ಕೇಳಿತು. ಮುದಕಪ್ಪನ ಮುಖ ಅರಳಿತು. ಸಂತೋಷದ ಜೊತೆಗೆ ಹೆಮ್ಮೆಯೂ ಮೆಲ್ಲಗೆ ತಲೆಯೆತ್ತಿತು. "ನೋಡ್ರಿ ಬೀಗ್ರ, ಪೆಟಿಗಿ ಕಟ್ಟಿದ ಪದ್ಧತಿ ಮಾತ್ರ ಕಚೇರಿದು. ಲಗ್ನಕ್ಕ ಬಂದಾಗ ನಿಮ್ಮ ಮನ್ಯಾಗೂ ನಾ..."

"ಅದೊಂದ ಕರಾರು ಐತ್ರಿ" ಎಂದ ಮಾಳಪ್ಪ ಕೈ ಜೋಡಿಸಿ. "ನೀವು ಬರ್ರಿ, ಉಣ್ರಿ, ಬೇಕಾದಷ್ಟು ದಿನ ಇರ್ರಿ. ಆದ್ರ ನಮ್ಮ ಮನ್ಯಾಗ ಏನೂ ಹೊಂದಿಸಬ್ಯಾಡ್ರಿ."

ನಾಲ್ಕು ಜನರ ಮುಂದೆ, ಭಂಡಾರದ ಮೇಲೆ ಕೈಯಿಟ್ಟು, ಮುದಕಪ್ಪ ಆ ಕರಾರಿಗೆ ಒಪ್ಪಿಕೊಂಡ.

ಬೀಗರ ಬಂಡಿ ಓಣಿ ದಾಟುವ ಮೊದಲೇ ಪದ್ಮವ್ವ ಇನ್ನೂ ನಾಲ್ಕು ಮಂದಿ ಹೆಂಗಸರನ್ನು ಕರೆತಂದಳು. "ಎಲ್ಲಿ ಹನಮವ್ವಾ, ನಿನ್ನ ಮಸಾಲಿ ಪೆಟಿಗಿ ತೋರಿಸು. ಹೆಂಗ ಹೊಂದಿಸೀದಿ ನೋಡೂಣು" ಎಂದರು. ಹನಮವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಕುಳಿತು, ಇದು ಇಲ್ಲಿ ಯಾಕೆ, ಅದು ಅಲ್ಲಿ ಯಾಕೆ ಎಂದು ಬೆರಳಿಂದ ತಟ್ಟಿ ತಟ್ಟಿ ಹೇಳತೊಡಗಿದಳು. ಹೆಂಗಸರು ತಲೆದೂಗಿದರು. ಮುಚ್ಚಳದ ಕೀಲು ಸಡಿಲಾಗಿ ಅದು ಮತ್ತೆ ಮತ್ತೆ ಬೀಳುತ್ತಿತ್ತು.

"ರೀ, ಒಂದೀಟ ಹಿಡೀರಿ" ಎಂದಳು.

ಮುದಕಪ್ಪ ಮುಚ್ಚಳ ಎತ್ತಿ ಹಿಡಿದು ನಿಂತ.