ನಲವತ್ತು ಪೈಸೆಯ ಸೋದರತ್ತೆ

ಬೆಳಗ್ಗೆ ಎದ್ದ ಕೂಡಲೇ ಕೆಲವರು ದೇವರ ಪಟ ನೋಡುತ್ತಾರೆ, ಕೆಲವರು ಅಂಗೈ ನೋಡಿಕೊಳ್ಳುತ್ತಾರೆ. ನಾನು ಪೆಟ್ರೋಲ್ ರೇಟು ನೋಡುತ್ತೇನೆ. ಹೇಳಿಕೊಳ್ಳಲು ನಾಚಿಕೆಯೇ, ಆದರೆ ನಮ್ಮ ಯಜಮಾನರು ಇದನ್ನು ತುಮಕೂರಿನಲ್ಲಿ ನಾವಿರುವ ಮರಳೂರಿನ ಅರ್ಧ ಜನಕ್ಕೆ ಹೇಳಿ ಮುಗಿಸಿರುವುದರಿಂದ ಮುಚ್ಚಿಡಲು ಏನೂ ಉಳಿದಿಲ್ಲ. ಆರು ಗಂಟೆಗೆ ಮೊಬೈಲಿನಲ್ಲಿ ಹೊಸ ರೇಟು ಬರುತ್ತದೆ. ಹಾಲು ಕಾಯುವಷ್ಟರಲ್ಲಿ ತುಮಕೂರಿನದು, ಗುಬ್ಬಿಯದು, ಕುಣಿಗಲ್ಲಿನದು ಮೂರೂ ನನಗೆ ಬಾಯಿಪಾಠವಾಗಿರುತ್ತದೆ. ಇಷ್ಟೆಲ್ಲ ಕೇಳಿದವರು ನಮ್ಮನೆಯಲ್ಲಿ ನಾಲ್ಕು ಲಾರಿ ಇರಬೇಕು ಅಂದುಕೊಳ್ಳಬಹುದು. ಇರುವುದು ಒಂದು ಹಳೇ ಸ್ಕೂಟರು. ಕುತ್ತಿಗೆವರೆಗೆ ತುಂಬಿಸಿದರೂ ಐದು ಲೀಟರು ದಾಟುವುದಿಲ್ಲ.

ಈ ಚಟಕ್ಕೆ ನನ್ನ ಕೆಲಸವೂ ಸ್ವಲ್ಪ ಕಾರಣ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಒಂದೇ ಜಿಲ್ಲೆ, ಒಂದೇ ತೆರಿಗೆ, ಒಂದೇ ಬಣ್ಣದ ಪೆಟ್ರೋಲು, ಊರಿಂದೂರಿಗೆ ರೇಟು ಮಾತ್ರ ಯಾಕೆ ಬೇರೆ ಎಂದು ಮಕ್ಕಳನ್ನು ಕೇಳಿ, ಅವರು ಉತ್ತರ ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಡಿಪೋದಿಂದ ಟ್ಯಾಂಕರ್ ಎಷ್ಟು ದೂರ ಬರಬೇಕು, ಅದರ ಬಾಡಿಗೆ ಎಷ್ಟು, ಆ ಊರಿನಲ್ಲಿ ಎಷ್ಟು ಜನ ಹಾಕಿಸಿಕೊಳ್ಳುತ್ತಾರೆ, ಇದೆಲ್ಲ ಸೇರಿ ರೇಟು. ಬೋರ್ಡಿನ ಮೇಲೆ ಟ್ಯಾಂಕರಿನ ಚಿತ್ರವನ್ನೂ ಬರೆಯುತ್ತೇನೆ. ಅದನ್ನು ಮಕ್ಕಳು ಎಮ್ಮೆ ಅನ್ನುತ್ತಾರೆ, ಆ ಮಾತು ಬೇರೆ. ಒಮ್ಮೆ ಕುಣಿಗಲ್ಲಿನಲ್ಲಿ ಹದಿನೈದು ಪೈಸೆ ಕಡಿಮೆ ಇದೆ ಅಂತ, ಅದೇ ದಾರಿಯ ಯಡಿಯೂರಿಗೆ ಬಸ್ಸಿನಲ್ಲಿ ಹೋಗುವುದು ಬಿಟ್ಟು ಸ್ಕೂಟರಿನಲ್ಲೇ ಹೋಗಿ ಬಂದೆ. ಬಂದವಳು ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದೆ. "ಸೊಂಟಕ್ಕೆ ಹಚ್ಚೋ ಎಣ್ಣೆ ರೇಟು ಯಾವೂರಲ್ಲಿ ಕಮ್ಮಿ ಐತೆ, ಸ್ವಲ್ಪ ನೋಡ್ ಹೇಳೇ" ಎಂದು ನಮ್ಮ ಯಜಮಾನರು ವಿಚಾರಿಸಿಕೊಂಡರು.

ಇಷ್ಟು ಪೀಠಿಕೆ ಯಾಕೆಂದರೆ, ಈ ಚಟದಿಂದ ನಾನು ಒಂದು ಹೆಸರನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ನನ್ನ ಹೆಸರಲ್ಲ, ನನ್ನ ತಮ್ಮ ಮಹೇಶನ ಮಗಳ ಹೆಸರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗು ಅದು. ಹುಟ್ಟಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಅತ್ತಿದ್ದು ಕಂಡು, ಯಾರೋ ಅಪರಿಚಿತರು ಸಮಾಧಾನ ಹೇಳಲು ಬಂದಿದ್ದರು. ಸಂತೋಷಕ್ಕೆ ಅಳುತ್ತಿದ್ದೇನೆ ಎಂದು ಅವರಿಗೆ ತಿಳಿಸುವುದರಲ್ಲಿ ಸಾಕಾಯಿತು. ನಾಮಕರಣದ ದಿನ ತೊಟ್ಟಿಲ ಬಳಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ಮಹೇಶನಿಗೆ ನಾನೊಬ್ಬಳೇ ಅಕ್ಕ. ಹಾಗಾಗಿ ಹೆಸರು ಆರಿಸಿದ್ದೂ ನಾನೇ, ಅವನಿಗೆ ಬಿಟ್ಟು ಮತ್ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದೂ ನಾನೇ. ನಮ್ಮ ಯಜಮಾನರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ನಾಮಕರಣ ತಮ್ಮನ ಹೆಂಡತಿಯ ತವರಿನಲ್ಲಿ. ಗುಬ್ಬಿಯಿಂದ ಒಳಗೆ ಹನ್ನೆರಡು ಕಿಲೋಮೀಟರು. ಅವತ್ತು ಶುಕ್ರವಾರ, ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಹೆಸರು ಕರೆದಾಗಬೇಕು. ಸ್ಕೂಲಿಗೆ ರಜೆ ಹಾಕಿ ಎಂಟೂವರೆಗೆ ಹೊರಟೆವು. ಗಾಡಿ ಓಡಿಸುವವಳು ನಾನು, ಹಿಂದೆ ಮಗುವಿನ ಬೆಳ್ಳಿ ಬಟ್ಟಲು, ಹೊಸ ಬಟ್ಟೆ ಮಡಿಲಲ್ಲಿಟ್ಟುಕೊಂಡು ಕೂತವರು ಯಜಮಾನರು. ಪೆಟ್ರೋಲ್ ಮುಳ್ಳು ಕೆಂಪು ಗೆರೆಯ ಮೇಲೆ ನಿದ್ದೆ ಮಾಡುತ್ತಿತ್ತು.

"ಇಲ್ಲೇ ಹಾಕಿಸ್ಬಿಡೇ" ಎಂದರು ಯಜಮಾನರು.

"ಗುಬ್ಬೀಲಿ ಒಂದು ಬಂಕ್‌ನಲ್ಲಿ ನಲವತ್ತು ಪೈಸೆ ಕಮ್ಮಿ ಇದೆ ರೀ."

"ಗುಬ್ಬಿ ದೂರ ಅಲ್ವಾ? ನಿನ್ ಟ್ಯಾಂಕರ್ ಲೆಕ್ಕದಲ್ಲಿ ಅಲ್ಲಿ ಜಾಸ್ತಿ ಇರ್ಬೇಕಿತ್ತು."

ಈ ಪ್ರಶ್ನೆ ನನಗೂ ಬಂದಿತ್ತು, ಉತ್ತರ ಬಂದಿರಲಿಲ್ಲ. ಮೇಷ್ಟರುಗಳು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ. "ನಿಮಗೆ ಗೊತ್ತಾಗಲ್ಲ ಸುಮ್ನಿರಿ" ಎಂದು ಗಾಡಿ ಬಿಟ್ಟೆ.

ಗುಬ್ಬಿ ತಲುಪಿದರೆ ಆ ಬಂಕಿನ ಬಾಗಿಲಿಗೆ ಅಡ್ಡಲಾಗಿ ಹಗ್ಗ, ಹಗ್ಗಕ್ಕೆ 'ಸ್ಟಾಕ್ ಇಲ್ಲ' ಎಂಬ ರಟ್ಟು. ಕುರ್ಚಿ ಹಾಕಿಕೊಂಡು ಕೂತಿದ್ದವರು, "ಲಾರಿ ಬಂದಿಲ್ಲ ಮೇಡಂ, ಮಧ್ಯಾಹ್ನ ಆಗ್ತದೆ" ಎಂದರು. ಸ್ವಲ್ಪ ಮುಂದೆ ಇನ್ನೊಂದು ಬಂಕಿತ್ತು. ಪೆಟ್ರೋಲೂ ಇತ್ತು. ರೇಟು ಮಾತ್ರ ಮರಳೂರಿಗಿಂತ ಹನ್ನೆರಡು ಪೈಸೆ ಜಾಸ್ತಿ. ಈಗ ಓದುಗರೇ ಹೇಳಿ, ನಲವತ್ತು ಪೈಸೆ ಉಳಿಸಲು ಬಂದವಳು ಹನ್ನೆರಡು ಪೈಸೆ ಹೆಚ್ಚು ಕೊಟ್ಟು, ಅದೂ ಗಂಡನ ಎದುರಿಗೆ, ಹಾಕಿಸಿಕೊಳ್ಳುವುದುಂಟೇ? "ಹನ್ನೆರಡು ಕಿಲೋಮೀಟರ್‌ಗೆ ಇರೋದೇ ಸಾಕು. ಬರ್ತಾ ಕಮ್ಮಿ ರೇಟಿನ ಬಂಕ್‌ನಲ್ಲೇ ಹಾಕಿಸೋಣ" ಎಂದು ಮುಂದಕ್ಕೆ ಹೋದೆ. ಹಿಂದಿನಿಂದ ಒಂದು ನಿಟ್ಟುಸಿರು ಕೇಳಿಸಿತು.

ಎಂಟು ಕಿಲೋಮೀಟರು ಸರಿಯಾಗಿ ಹೋಯಿತು. ಆಮೇಲೆ ಸ್ಕೂಟರು ಎರಡು ಸಲ ಕೆಮ್ಮಿ ರಾಗಿ ಹೊಲದ ಪಕ್ಕ ನಿಂತಿತು. ಯಜಮಾನರು ಇಳಿದು ಬಟ್ಟಲಿನ ಗಂಟನ್ನು ಬದುವಿನ ಮೇಲಿಟ್ಟರು. ಇಬ್ಬರೂ ಸೇರಿ ಗಾಡಿಯನ್ನು ಎಡಕ್ಕೆ ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿ ಎಬ್ಬಿಸಿದೆವು. ಹಾಗೆ ಮಾಡಿದರೆ ಮೂಲೆಯಲ್ಲಿ ಉಳಿದ ನಾಲ್ಕು ಹನಿ ಇಳಿಯುತ್ತವೆ ಎಂದು ಇಡೀ ತುಮಕೂರು ಜಿಲ್ಲೆ ನಂಬಿದೆ. ಇಳಿದವು ಕೂಡ. ಒಂದು ಫರ್ಲಾಂಗು ಹೋಗಿ ಮತ್ತೆ ನಿಂತಿತು. ಆಗಲೇ ಹತ್ತು ಗಂಟೆ. ಮಹೇಶನ ಫೋನು.

"ಅಕ್ಕಾ, ಎಲ್ಲಿದೀಯಾ? ಎಲ್ರೂ ಕಾಯ್ತಾವ್ರೆ. ಇವ್ಳ ಕಡೆ ದೊಡ್ಡತ್ತೆ ಒಬ್ರು, ಟೈಮ್ ಆಗೋಯ್ತು, ನಾನೇ ಕರೀತೀನಿ ಅಂತ ತೊಟ್ಲು ಪಕ್ಕ ಕೂತ್ಬಿಟ್ಟವ್ರೆ. ಅವ್ರು ಬೇರೆ ಹೆಸ್ರೇ ಇಟ್ಕೊಂಡವ್ರೆ ಕಣಕ್ಕಾ!"

ಒಂಬತ್ತು ವರ್ಷ ಕಾದ ಮಗುವಿನ ಹೆಸರು ಹನ್ನೆರಡು ಪೈಸೆಗೆ ಹೋಗುತ್ತಿದೆ. ರಸ್ತೆಯಲ್ಲೇ ಕಣ್ಣಲ್ಲಿ ನೀರು ಬಂತು. ಯಜಮಾನರಿಗೆ ಅದು ಕಂಡಿರಬೇಕು, ಬಟ್ಟಲಿನ ಗಂಟನ್ನು ಹೆಗಲಿಗೇರಿಸಿ ಗಾಡಿ ತಳ್ಳತೊಡಗಿದರು. ತಿರುವಿನಲ್ಲಿ ಒಂದು ಪೆಟ್ಟಿಗೆ ಅಂಗಡಿ ಸಿಕ್ಕಿತು. ಬಾಳೆಹಣ್ಣಿನ ಗೊನೆ, ಬೀಡಿ ಕಟ್ಟು, ಅವುಗಳ ಪಕ್ಕದಲ್ಲಿ ನೀರಿನ ಬಾಟಲಿಗಳಲ್ಲಿ ಪೆಟ್ರೋಲು! ಅಂಗಡಿಯ ಹೆಂಗಸಿನ ಹೆಸರು ಗಂಗಮ್ಮ ಎಂದು ಆಮೇಲೆ ಗೊತ್ತಾಯಿತು.

"ಲೀಟ್ರಿಗೆ ನೂರಾ ನಲವತ್ತು" ಎಂದಳು ಗಂಗಮ್ಮ.

ನೋಡಿ, ಕಣ್ಣೀರು ಇನ್ನೂ ಆರಿರಲಿಲ್ಲ, ಆದರೂ ನನ್ನ ಬಾಯಿ ತಾನಾಗಿ ತೆರೆಯಿತು. "ಅಷ್ಟೊಂದಾ? ಗುಬ್ಬೀಲಿ ಎಷ್ಟಿದೆ ಗೊತ್ತೇನಮ್ಮ?"

"ಗೊತ್ತು ಕಣವ್ವ. ಅಲ್ಲಿ ಕಮ್ಮಿ ಐತೆ. ಹೋಗ್ ಹಾಕ್ಸ್ಕೊಂಬಾ" ಎಂದು ಗಂಗಮ್ಮ ಎಲೆಗೆ ಸುಣ್ಣ ಹಚ್ಚಿದಳು.

ಯಜಮಾನರು ಕೆಮ್ಮಿದರು. ಅದು ನಗು ಎಂದು ನನಗೆ ಗೊತ್ತು.

"ಅಲ್ಲಮ್ಮ, ಜಾಸ್ತಿ ಅಂದ್ರೂ ಒಂದು ಲೆಕ್ಕ ಬೇಡ್ವಾ?"

"ಲೆಕ್ಕ ಐತೆ, ಕೇಳು. ಬಂಕ್‌ನೋರು ಬಾಟ್ಲಿಗೆ ಹಾಕಲ್ಲ ಅಂತಾರೆ. ನನ್ ಮೈದ್ನ ಬೈಕಿಗ್ ಹಾಕ್ಸ್ಕೊಂಡ್ ಬಂದು ಇಲ್ಲಿ ಪೈಪ್‌ನಾಗೆ ಎಳ್ದು ತಗೀತಾನೆ. ಅರ್ಧ ಅವ್ನ್ ಬಾಯಿಗೋಯ್ತದೆ. ಬಿಸ್ಲಿಗೆ ಒಂದಷ್ಟು ಆರೋಯ್ತದೆ. ವಾರಕ್ಕೆ ನಿನ್ನಂತೋರು ಇಬ್ರು ಬಂದ್ರೆ ಜಾಸ್ತಿ. ಆ ಇಬ್ರಿಗೋಸ್ಕರ ನಾನ್ ಏಳು ದಿನ ಇಲ್ಲಿ ಬೆಂಕಿ ಪಕ್ಕ ಕುಂತಂಗೆ ಕುಂತಿರ್ತೀನಿ. ಈಗ ನೀನೇ ರೇಟ್ ಹೇಳವ್ವ."

ಹತ್ತು ವರ್ಷದಿಂದ ನಾನು ಬೋರ್ಡಿನ ಮೇಲೆ ಎಮ್ಮೆ ಬರೆದು ಹೇಳುತ್ತಿದ್ದ ಪಾಠವನ್ನು ಗಂಗಮ್ಮ ಎಲೆ ಮಡಿಸುವಷ್ಟರಲ್ಲಿ ಮುಗಿಸಿದಳು. ಮತ್ತೆ ಫೋನು ಬಡಿದುಕೊಂಡಿತು. "ಬಂದೆ ಕಣೋ, ಅವರನ್ನ ಹೆಸರು ಕರೆಯೋಕೆ ಬಿಡ್ಬೇಡ!" ಎಂದು ನಾನು ಕಿರುಚಿದ್ದು ಕೇಳಿ ಗಂಗಮ್ಮ ಎದ್ದು ನಿಂತಳು.

"ಮೇಗ್ಲುಮನೆ ನಾಮಕರಣಕ್ಕಾ? ನೀನೇ ಸೋದ್ರತ್ತೇನಾ? ಬೆಳಗಿಂದ ಹೋಗೋ ಬರೋರೆಲ್ಲ, ಸೋದ್ರತ್ತೆ ಬಂದಿಲ್ವಂತೆ ಅಂತಾವ್ರೆ. ಇಲ್ಲಿ ನಿಂತು ಚೌಕಾಸಿ ಮಾಡ್ತಿದೀಯಲ್ಲವ್ವ, ತೆಗಿ ಮುಚ್ಳ!" ಎಂದು ಹಳೇ ಪೇಪರು ಸುತ್ತಿ ಆಲಿಕೆ ಮಾಡಿ ಅವಳೇ ಒಂದು ಲೀಟರು ಸುರಿದಳು. ಆಲಿಕೆ ಹಿಡಿದವಳು ನಾನು, ಕೈಯೆಲ್ಲ ಪೆಟ್ರೋಲಾಯಿತು; ನೂರಾ ನಲವತ್ತು ಎಣಿಸಿ ಕೊಟ್ಟವರು ಯಜಮಾನರು. "ಮಗೀಗ್ ಏನೆಸ್ರು?" ಎಂದು ಗಂಗಮ್ಮ ಕೇಳಿದಳು.

"ಮಗು ಕಿವಿಗೆ ಹೇಳೋಕ್ ಮುಂಚೆ ಹೇಳಂಗಿಲ್ಲ" ಎಂದೆ.

"ಬರ್ತಾ ಹೇಳ್ ಹೋಗು, ಮತ್ತೆ."

ಹತ್ತು ಇಪ್ಪತ್ತೆರಡಕ್ಕೆ ಸ್ಕೂಟರನ್ನು ಚಪ್ಪರದ ಕಂಬಕ್ಕೆ ಒರಗಿಸಿ ಒಳಗೆ ಓಡಿದೆ. ದೊಡ್ಡತ್ತೆ ಆಗಲೇ ತೊಟ್ಟಿಲಿಗೆ ಬಗ್ಗಿದ್ದರು. ಮಹೇಶ ಅವರಿಗೆ ಒಂದೇ ಸಮನೆ ಪಾನಕ ಬೇಕಾ, ಮಜ್ಜಿಗೆ ಬೇಕಾ ಎಂದು ಕೇಳುತ್ತ ತಡೆದು ನಿಲ್ಲಿಸಿದ್ದ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು, ನನಗೆ ಮತ್ತೆ ಅಳು ಬಂತು. ಕೈ ತೊಳೆಯಲು ಯಾರೂ ಬಿಡಲಿಲ್ಲ. ಮಗುವಿನ ಕಿವಿಗೆ ಅಂಗೈ ಅಡ್ಡ ಹಿಡಿದು, "ಇಂಚರ, ಇಂಚರ, ಇಂಚರ" ಎಂದೆ. ಮಗು ನನ್ನ ಕೈಯ ವಾಸನೆಗೆ ಮುಖ ಕಿವುಚಿ ಒಂದು ಸೀನು ಸೀನಿತು. ಒಂಟಿ ಸೀನು! ದೊಡ್ಡತ್ತೆ ಹುಬ್ಬೇರಿಸಿದರು. ನಾನು ಬೇರೇನೂ ತೋಚದೆ, ಅಂಗೈಯನ್ನು ಮೆಲ್ಲಗೆ ಇನ್ನೊಂದು ಸಲ ಮಗುವಿನ ಮೂಗಿನ ಹತ್ತಿರ ತಂದೆ. ಇಂಚರ ಜಾಣೆ, ಎರಡನೇ ಸೀನು ಸೀನಿದಳು. "ಜೋಡಿ ಸೀನು, ಒಳ್ಳೇದಾಯ್ತು ಬುಡು" ಎಂದು ಯಾರೋ ಅಜ್ಜಿ ಹೇಳಿದ ಮೇಲೆ ಎಲ್ಲರಿಗೂ ಉಸಿರು ಬಂತು.

ವಾಪಸ್ಸು ಬರುವಾಗ ಗಂಗಮ್ಮನ ಅಂಗಡಿ ಮುಂದೆ ನಿಲ್ಲಿಸಿ ಹೆಸರು ಹೇಳಿದೆ, ಎಲೆ ಅಡಿಕೆ, ಎರಡು ಒಬ್ಬಟ್ಟು ಕೊಟ್ಟೆ. ಅವಳು ಹೆಸರನ್ನು ಎರಡು ಸಲ ಅಂದು ನೋಡಿ, ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ನನ್ನ ಕೈಗಿಟ್ಟಳು. "ನೂರಾ ನಲವತ್ತು ದಾರಿಲ್ ಹೋಗೋರ್ಗೆ. ನಮ್ಮೂರ್ ಮಗೀಗೆ ಹೆಸ್ರಿಟ್ಟೋಳು ನೀನು, ಊರೋರ್ ರೇಟು ನೂರಿಪ್ಪತ್ತೇ" ಎಂದಳು. ಬೇಡವೆಂದರೂ ಕೇಳಲಿಲ್ಲ. ಮೂರು ಊರಿನ ರೇಟು ಬಾಯಿಪಾಠ ಮಾಡಿಕೊಂಡವಳಿಗೆ ಹೀಗೊಂದು ರೇಟು ಇರುವುದೇ ಗೊತ್ತಿರಲಿಲ್ಲ.

ಅವತ್ತೇ ಈ ಚಟ ಬಿಟ್ಟೆ ಎಂದು ಬರೆದರೆ ಪ್ರಬಂಧ ಚೆನ್ನಾಗಿ ಮುಗಿಯುತ್ತದೆ, ಆದರೆ ಸುಳ್ಳಾಗುತ್ತದೆ. ಮೊನ್ನೆ ಬೆಳಗ್ಗೆ ನೋಡಿದರೆ ಗುಬ್ಬಿಯಲ್ಲಿ ಮೂವತ್ತೈದು ಪೈಸೆ ಕಡಿಮೆ. "ರೀ, ಇಂಚರನ್ನ ನೋಡಿ ಬಹಳ ದಿನ ಆಯ್ತಲ್ವಾ" ಎಂದೆ. "ಹೌದು, ಹೋಗ್ಬರೋಣ" ಎಂದು ಯಜಮಾನರು ತಕ್ಷಣ ಒಪ್ಪಿ, ಗಾಡಿ ಒರೆಸಿ ತರ್ತೀನಿ ಅಂತ ಹೊರಗೆ ಹೋದರು. ನಾನು ಸೀರೆ ಉಟ್ಟು ಬಂದು ಗಾಡಿ ಹತ್ತಿ ನೋಡುತ್ತೇನೆ, ಮುಳ್ಳು ಆ ಕೊನೆಗೆ ಹೋಗಿ ನಿಂತಿದೆ. ಬೀದಿ ಕೊನೆಯ ಬಂಕಿನಲ್ಲಿ ಕುತ್ತಿಗೆವರೆಗೆ ತುಂಬಿಸಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಮಗುವನ್ನು ನೋಡುವ ಸಂತೋಷವಿತ್ತು, ಸುಳ್ಳೇಕೆ ಹೇಳಲಿ. ಆದರೆ ಗುಬ್ಬಿಯ ಆ ಬಂಕು ಹಗ್ಗ ತೆಗೆದು, ಬಾಗಿಲು ಹಾರು ಹೊಡೆದುಕೊಂಡು ಕೂತಿದ್ದನ್ನು ಕಂಡಾಗ ಮಾತ್ರ ನಾನು ಮುಖ ಆ ಕಡೆ ತಿರುಗಿಸಿಕೊಂಡೆ.