ತಕರಾರಿಲ್ಲದೆ ಇಳಿಯುವಂತಿಲ್ಲ

ನಮ್ಮ ವಿಮಾನ ನಿಲ್ದಾಣದಲ್ಲಿ, ಅದು ಸ್ಥಾಪನೆಯಾದಂದಿನಿಂದ ಇಂದಿನವರೆಗೆ ಒಂದೇ ಒಂದು ಅಪಘಾತವೂ ಸಂಭವಿಸಿಲ್ಲ ಎಂಬುದು ಇಲಾಖೆಯ ಗಮನಕ್ಕೆ ಬಂದು, ಅದನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಲಾಯಿತು. ಅಪಘಾತವಾದ ನಿಲ್ದಾಣಗಳಲ್ಲಿ ತನಿಖೆ ನಡೆದು, ವರದಿ ಬಂದು, ಹೊಣೆಯನ್ನು ಯಾರದೋ ತಲೆಗೆ ಕಟ್ಟಿ ಎಲ್ಲವೂ ಕ್ರಮಬದ್ಧವಾಗಿ ಮುಗಿದಿರುತ್ತದೆ. ಆಗದೇ ಇರುವ ಅಪಘಾತಕ್ಕೆ ಯಾರು ಹೊಣೆ ಎಂದು ಮೇಲಿನವರು ಕೇಳಿದಾಗ ನಾವೆಲ್ಲ ತಲೆ ತಗ್ಗಿಸಿದೆವು. ನಾಚಿಕೆಯಾಯಿತು.

ನಾನು ಈ ನಿಲ್ದಾಣದ ಪ್ರಕಟಣೆಗಾರ. ತಗಡಿನ ಮಾಡಿನ ಒಂದು ಕೋಣೆ, ಒಂದು ಮೈಕು, ಒಂದು ರೇಡಿಯೋ, ಒಂದು ಕಾಲು ಕುಂಟುವ ಕುರ್ಚಿ. ಕಿಟಕಿಯಾಚೆ ಒಂದೇ ಒಂದು ರನ್‌ವೇ, ಅದರ ತುದಿಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸುವ ಬಟ್ಟೆಯ ಚೀಲ. ದೊಡ್ಡ ನಿಲ್ದಾಣಗಳಲ್ಲಿ ಇರುವಂಥ ಗೋಪುರ, ಅದರ ಮೇಲೆ ಕೂತು "ನೀನು ಇಳಿ, ನೀನು ತಡಿ" ಎನ್ನುವ ನಿಯಂತ್ರಕರು, ಇಂಥದ್ದೆಲ್ಲ ನಮ್ಮಲ್ಲಿಲ್ಲ. ಪೈಲಟ್‌ಗಳೆಲ್ಲ ರೇಡಿಯೋದಲ್ಲಿ ಒಂದೇ ಚಾನೆಲ್‌ ಹಾಕಿಕೊಂಡು, "ನಾನು ಈಗ ಗಾಳಿಚೀಲದ ಎಡಕ್ಕಿದ್ದೀನಿ, ಇಳೀತಿದ್ದೀನಿ" ಎಂದು ತಾವೇ ಹೇಳಿಕೊಳ್ಳುತ್ತಾರೆ. ಇನ್ನೊಬ್ಬರು "ಕಾಣಿಸ್ತು, ನಿಮ್ಮ ಹಿಂದೆ ಬರ್ತೀನಿ" ಎನ್ನುತ್ತಾರೆ. ಬೇಕಾದರೆ ಮತ್ತೊಂದು ಸುತ್ತು ಹಾಕುತ್ತಾರೆ. ಇಷ್ಟೇ.

ಈ ಪೈಲಟ್‌ಗಳಲ್ಲಿ ಇಬ್ಬರು ನಮ್ಮ ಮನೆಯವರೇ. ಅಕ್ಕ ವಿಮಾನ ಹಾರಿಸುವುದನ್ನು ಕಲಿಸುತ್ತಾಳೆ. ಭಾವ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಓಡಿಸುತ್ತಾರೆ. ಅವರ ಮಗಳನ್ನು ನಾವು ಗುಬ್ಬಿ ಎಂದು ಕರೆಯುತ್ತೇವೆ. ತೊದಲು ಮಾತಾಡುವ ವಯಸ್ಸಿನಲ್ಲೇ ನನ್ನ ಕುಂಟು ಕುರ್ಚಿಯ ಮೇಲೆ ಹತ್ತಿ ನಿಂತು, ಕಿಟಕಿಯಿಂದ ಕಂಡ ಪ್ರತಿ ವಿಮಾನಕ್ಕೂ ಇಳಿಯಲು ಅಪ್ಪಣೆ ಕೊಡುತ್ತಿದ್ದವಳು. ಪೈಲಟ್ ಆಗಬೇಕೆಂಬುದು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಹುಟ್ಟಲಿಲ್ಲ.

ತನಿಖೆಗೆಂದು ಬಂದ ಸಮನ್ವಯಾಧಿಕಾರಿಗಳು ಮೊದಲ ದಿನವೇ ಭಾವನನ್ನು ಕರೆಸಿ ಕೇಳಿದರು.

"ಯಾರ ಅಪ್ಪಣೆ ತಗೊಂಡು ಇಳೀತೀರಿ?"

"ಅಪ್ಪಣೆ ಏನಿಲ್ಲ ಸಾರ್. ಬರ್ತಿದ್ದೀನಿ ಅಂತ ಹೇಳಿ ಬರ್ತೀನಿ."

"ಇನ್ನೊಬ್ರೂ ಅದೇ ಹೊತ್ತಿಗೆ ಬಂದ್ರೆ?"

"ಅವರನ್ನ ಮುಂದೆ ಬಿಡ್ತೀನಿ. ಇಲ್ಲಾಂದ್ರೆ ಅವರು ನನ್ನನ್ನ ಬಿಡ್ತಾರೆ."

"ಯಾವ ನಿಯಮದ ಪ್ರಕಾರ?"

ಭಾವ "ಅವರೂ ಮನೆಗೆ ಹೋಗ್ಬೇಕಲ್ಲ ಸಾರ್" ಎಂದರು. ಸಮನ್ವಯಾಧಿಕಾರಿಗಳು ಪೆನ್ನು ಕೆಳಗಿಟ್ಟರು. ಅನುಮತಿಯಿಲ್ಲದ ಸಹಕಾರವು ಇಷ್ಟು ದೊಡ್ಡ ಪ್ರಮಾಣದಲ್ಲಿ, ಹಾಡಹಗಲೇ ನಡೆಯುತ್ತಿರುವುದನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಗೋಪುರ ಕಟ್ಟಲು ಇಲಾಖೆಗೆ ಅಧಿಕಾರವಿರಲಿಲ್ಲ. ಆದರೆ ಯಾವುದೇ ಇಬ್ಬರ ನಡುವೆ ತಕರಾರು ಬಂದರೆ ಅದನ್ನು ಇತ್ಯರ್ಥ ಮಾಡುವ ಅಧಿಕಾರ ಧಾರಾಳವಾಗಿತ್ತು. ಆದ್ದರಿಂದ ನಾನು ಮೈಕಿನಲ್ಲಿ ಹೀಗೆ ಪ್ರಕಟಿಸಬೇಕಾಯಿತು: "ಪೈಲಟ್‌ಗಳ ಗಮನಕ್ಕೆ. ಇನ್ನು ಮುಂದೆ ಆದೇಶವಿಲ್ಲದೆ ಯಾರೂ ಇಳಿಯತಕ್ಕದ್ದಲ್ಲ. ತಕರಾರು ಇಲ್ಲದೆ ಆದೇಶ ನೀಡಲಾಗುವುದಿಲ್ಲ. ತಕರಾರು ಮಾಡಲು ಆಕಾಶದಲ್ಲಿ ಕನಿಷ್ಠ ಇಬ್ಬರಿರತಕ್ಕದ್ದು. ಗೆದ್ದವರು ಇಳಿಯಬಹುದು. ಸೋತವರು ಮುಂದಿನ ತಕರಾರಿನವರೆಗೆ ಮೇಲೆಯೇ ಇರತಕ್ಕದ್ದು. ನಿಯಮ ಮುರಿದವರ ಲೈಸೆನ್ಸ್ ರದ್ದಾಗುವುದು. ಸಹಕರಿಸಿ, ಧನ್ಯವಾದ."

ಮೊದಮೊದಲು ಕಷ್ಟವಾಯಿತು. ನಮ್ಮ ಪೈಲಟ್‌ಗಳಿಗೆ ಜಗಳದ ಅಭ್ಯಾಸವಿರಲಿಲ್ಲ. ಹವ್ಯಾಸಕ್ಕೆಂದು ಹಾರುವ ನಿವೃತ್ತ ಮಾಸ್ತರರೊಬ್ಬರು, "ತಾವು ದಯವಿಟ್ಟು ಮೊದಲು ಇಳಿಯದಿದ್ದರೆ ನನ್ನ ಮನಸ್ಸಿಗೆ ಬೇಜಾರಾಗುತ್ತದೆ" ಎಂದರು. ಅದನ್ನು ಬೆದರಿಕೆ ಎಂದು ವಿಶೇಷವಾಗಿ ಪರಿಗಣಿಸಿ ಅವರನ್ನು ಇಳಿಸಿಕೊಳ್ಳಲಾಯಿತು. ಅಕ್ಕ ಭಾವನವರಿಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ.

"ರೀ, ಬೆಳಿಗ್ಗೆ ಗೀಜರ್ ಆನ್ ಮಾಡಿ ಹಾಗೇ ಬಂದಿದ್ದೀರಲ್ಲ."

"ನಾನಲ್ಲ ಕಣೇ, ನಿನ್ನ ತಮ್ಮ."

"ತಕರಾರು ರನ್‌ವೇಗೆ ಸಂಬಂಧಪಟ್ಟಿರಬೇಕು" ಎಂದರು ಸಮನ್ವಯಾಧಿಕಾರಿಗಳು.

"ಸರಿ. ರೀ, ಗೀಜರ್ ಆಫ್ ಮಾಡೋಕೆ ನಾನು ಮೊದಲು ಇಳಿಯೋದಾ, ನೀವಾ?"

ಆದೇಶ ಆ ಕ್ಷಣವೇ ಸಿಕ್ಕಿತು.

ಒಂದೇ ತೊಡಕು, ದಿನದ ಕೊನೆಯ ವಿಮಾನದ್ದು. ಎಲ್ಲರೂ ಜಗಳವಾಡಿ ಇಳಿದ ಮೇಲೆ ಕಟ್ಟಕಡೆಗೆ ಸೋತವರು ಯಾರ ಜೊತೆ ಜಗಳವಾಡಬೇಕು? ಇದಕ್ಕಾಗಿ ಇಲಾಖೆ ಕಾಯಂ ಪ್ರತಿವಾದಿ ಎಂಬ ಹುದ್ದೆಯನ್ನು ಸೃಷ್ಟಿಸಿತು. ದೇಶದಾದ್ಯಂತ ಹುಡುಕಿದಾಗ ಆ ಹುದ್ದೆಗೆ ತಕ್ಕ ಯೋಗ್ಯತೆ ಸಮನ್ವಯಾಧಿಕಾರಿಗಳ ಭಾಮೈದನಲ್ಲಿ ಮಾತ್ರ ಕಂಡುಬಂತು. ಅವರಿಗೆ ಒಂದು ವಿಮಾನವನ್ನೂ ಮಂಜೂರು ಮಾಡಿದರು. ಅದರಲ್ಲಿ ಎಂಜಿನ್ ಇರಲಿಲ್ಲ. ಆದರೆ ಭಾಮೈದ ಅದರೊಳಗೆ ಕೂತು ಬಾಗಿಲು ಹಾಕಿಕೊಂಡರೆ ಅವರನ್ನು ಆಕಾಶದಲ್ಲಿರುವವರೆಂದೇ ಭಾವಿಸತಕ್ಕದ್ದು ಎಂದು ಆದೇಶವಾಯಿತು. ಅವರು ಸಂಜೆ ಬಂದು, ಬಾಗಿಲು ಹಾಕಿಕೊಂಡು, ಕೊನೆಯ ಪೈಲಟ್ಟಿಗೆ ಮನಸಾರೆ ಬೈದು, ಸೋತು, ಕಾರು ಹತ್ತಿ ಮನೆಗೆ ಹೋಗುತ್ತಿದ್ದರು. ಹಾರಾಟದ ಭತ್ಯೆ ಬೇರೆ. ತುಂಬ ಶಿಸ್ತಿನ ಮನುಷ್ಯ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಗುಬ್ಬಿಯ ದಿನ ಬಂತು. ಕಲಿಯುವವರು ಒಂದು ಹಂತದಲ್ಲಿ ಗುರುವನ್ನು ನೆಲದ ಮೇಲೆ ಬಿಟ್ಟು, ಒಬ್ಬರೇ ಹಾರಿ, ಒಬ್ಬರೇ ಇಳಿಯಬೇಕು. ಆಮೇಲೆಯೇ ಲೈಸೆನ್ಸಿನ ಮಾತು. ಅಕ್ಕ ಅದಕ್ಕಾಗಿ ಎಲ್ಲ ಪೈಲಟ್‌ಗಳಿಗೂ ಹೇಳಿ ಆ ಬೆಳಿಗ್ಗೆ ಆಕಾಶ ಖಾಲಿ ಮಾಡಿಸಿದ್ದಳು. ಹೊಸಬರಿಗೆ ಜಾಗ ಬಿಟ್ಟುಕೊಡುವುದು ಅವರ ಹಳೆಯ ಪದ್ಧತಿ. ಹಳೆಯ ಪದ್ಧತಿಗಳಿಂದ ಎಂಥ ಅನಾಹುತವಾಗುತ್ತದೆ ಎಂಬುದು ಗುಬ್ಬಿ ಮೇಲಕ್ಕೇರಿ ಒಂದು ಸುತ್ತು ಹಾಕಿದ ಮೇಲೆ ನಮಗೆ ಹೊಳೆಯಿತು.

"ಗಾಳಿಚೀಲದ ಎಡಕ್ಕಿದ್ದೀನಿ, ಇಳೀತಿದ್ದೀನಿ" ಎಂದಳು ಗುಬ್ಬಿ ರೇಡಿಯೋದಲ್ಲಿ. ಧ್ವನಿಯಲ್ಲೇ ನಗು ಕೇಳುತ್ತಿತ್ತು.

"ಯಾರ ಜೊತೆ ತಕರಾರು?" ಎಂದರು ಸಮನ್ವಯಾಧಿಕಾರಿಗಳು.

"ಯಾರೂ ಇಲ್ಲ ಸಾರ್, ಒಬ್ಬಳೇ ಇದ್ದೀನಿ."

"ಹಾಗಾದ್ರೆ ಆದೇಶ ಕೊಡೋಕಾಗಲ್ಲಮ್ಮ."

ಅಕ್ಕ "ಭಾಮೈದನವರನ್ನು ಕರೆಸಿ" ಎಂದಳು. ಅವರು ಉನ್ನತ ಮಟ್ಟದ ಜಗಳದ ತರಬೇತಿಗೆಂದು ಹೊರಗೆ ಹೋಗಿದ್ದರು. "ಸಾರ್, ಅವಳ ಟ್ಯಾಂಕ್‌ನಲ್ಲಿ ಪೆಟ್ರೋಲು ಇರೋದೇ ಸ್ವಲ್ಪ" ಎಂದಳು ಅಕ್ಕ. ಸಮನ್ವಯಾಧಿಕಾರಿಗಳು ಕೆಟ್ಟವರಲ್ಲ. ಅವರ ಕಣ್ಣಲ್ಲೂ ನೀರಿತ್ತು. "ಇಳಿಯಬೇಡ ಅಂತ ನಾನೆಲ್ಲಿ ಹೇಳ್ದೆ? ಇಳಿ ಅನ್ನೋಕೆ ನನಗೆ ಅಧಿಕಾರ ಇಲ್ಲ. ತಾನಾಗಿ ಇಳಿದ್ರೆ ಇಳೀಲಿ, ಲೈಸೆನ್ಸ್ ಮಾತ್ರ ಈ ಜನ್ಮದಲ್ಲಿ ಸಿಗಲ್ಲ" ಎಂದರು.

ರೇಡಿಯೋ ತೆರೆದೇ ಇತ್ತು. "ಮಾವ, ನಾನು ಹಾಗೆಲ್ಲ ಇಳಿಯಲ್ಲ" ಎಂದಳು ಗುಬ್ಬಿ. ಅಷ್ಟರಲ್ಲಿ ಭಾವ ತಿನ್ನುತ್ತಿದ್ದ ಬ್ರೆಡ್ಡನ್ನು ಅಲ್ಲೇ ಬಿಟ್ಟು ಓಡಿಹೋಗಿ, ಔಷಧಿ ವಾಸನೆಯ ತಮ್ಮ ವಿಮಾನ ಹತ್ತಿ, ಮಗಳ ಜೊತೆ ಜಗಳವಾಡಲು ಮೇಲಕ್ಕೇರಿದರು.

"ನಾನು ಮೊದಲು ಇಳೀತೀನಿ ಕಣೇ" ಎಂದರು.

"ಇಳೀರಪ್ಪ. ನಾನು ಆಮೇಲೆ ಬರ್ತೀನಿ."

"ಒಪ್ಪಿಗೆ ಸೂಚಿಸಿದ್ದಾರೆ. ತಕರಾರು ವಜಾ" ಎಂದರು ಸಮನ್ವಯಾಧಿಕಾರಿಗಳು.

"ಒಪ್ಪಬಾರದು ಮಗಳೇ, ಜಗಳ ಆಡು. ನಿನಗೆ ನೆಟ್ಟಗೆ ತಿರುಗಿಸೋಕೇ ಬರಲ್ಲ."

"ಹೌದಪ್ಪ, ಎಡಕ್ಕೆ ಸ್ವಲ್ಪ ಜಾಸ್ತಿ ವಾಲ್ತೀನಿ. ಅಮ್ಮನೂ ಅದೇ ಹೇಳ್ತಾರೆ."

"ವಜಾ."

ಅವಳನ್ನು ಅತಿಯಾಗಿ ಒಳ್ಳೆಯವಳಾಗಿ ಸಾಕಿಬಿಟ್ಟೆವು ಎಂದು ನನಗೆ ಅನ್ನಿಸಿತು. ಹೆತ್ತವರಿಗೆ ಎದುರು ಮಾತಾಡದ ಹಾಗೆ ಆ ಮಗುವನ್ನು ಬೆಳೆಸಿದವರು ನಾವೇ. ಭಾವ ಅವಳ ಅಡುಗೆಯನ್ನು ಬೈದರು, ಗೆಳತಿಯರನ್ನು ಬೈದರು, ಕೂದಲು ಕತ್ತರಿಸಿಕೊಂಡದ್ದನ್ನೂ ಬೈದರು. ಅವಳು ಎಲ್ಲದಕ್ಕೂ ಹೂಂಗುಟ್ಟಿದಳು. ಮತ್ತೆ ಭಾವನ ಧ್ವನಿ ಕೇಳಿದಾಗ ಅದು ಬೇರೆಯೇ ಆಗಿತ್ತು.

"ನೀನು ವಿಮಾನ ಹಾರಿಸೋದು ನನಗೆ ಯಾವತ್ತೂ ಇಷ್ಟ ಇರ್ಲಿಲ್ಲ. ನಿಮ್ಮಮ್ಮನ ಹಠಕ್ಕೆ ಬಾಯಿ ಮುಚ್ಕೊಂಡಿದ್ದೆ."

ಅಕ್ಕ ಮೈಕಿನಿಂದ ಮುಖ ತಿರುಗಿಸಿದಳು. ಅದು ನಿಜವೆಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಗುಬ್ಬಿಗೆ ಮಾತ್ರ ಗೊತ್ತಿರಲಿಲ್ಲ.

"ಅಪ್ಪ" ಎಂದಳು ಗುಬ್ಬಿ. "ದಾರಿ ಬಿಡಿ. ನಾನೇ ಮೊದಲು ಇಳಿಯೋದು."

"ಬಿಡಲ್ಲ."

"ಬಿಡಿ ಅಂದೆ."

ಸಮನ್ವಯಾಧಿಕಾರಿಗಳು ಎದ್ದು ನಿಂತರು. ಇಷ್ಟು ಅಪ್ಪಟವಾದ ತಕರಾರು ತಮ್ಮ ಮುಂದೆ ಬಂದಿರಲಿಲ್ಲ ಎಂದು ಗದ್ಗದಿತರಾಗಿ ಗುಬ್ಬಿಯ ಪರವಾಗಿ ಆದೇಶ ನೀಡಿದರು. ಅವಳು ಇಳಿದಳು. ಚಕ್ರ ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ. ನಾನು ಮೈಕು ಹಿಡಿದವನು ಅತ್ತುಬಿಟ್ಟೆ; ಅದೂ ಪ್ರಕಟಣೆಯಾಗಿ ಇಡೀ ನಿಲ್ದಾಣಕ್ಕೆ ಕೇಳಿಸಿತು.

ಆಮೇಲೆ ಎಲ್ಲರೂ ತಲೆಯೆತ್ತಿ ನೋಡಿದೆವು. ಮೇಲೆ ಭಾವ ಒಬ್ಬರೇ ಉಳಿದಿದ್ದರು.

"ನಾನು ಹೋಗ್ತೀನಿ, ನನಗೆ ಅವರ ಜೊತೆ ಜಗಳಕ್ಕೇನು ಬರ" ಎಂದು ಅಕ್ಕ ಹೊರಟಳು. ಗುಬ್ಬಿ ತಡೆದಳು. "ಬೇಡಮ್ಮ, ಈ ಜಗಳ ನಂದು" ಎಂದು ಪೆಟ್ರೋಲು ತುಂಬಿಸಿಕೊಂಡು, ಕಣ್ಣು ಒರೆಸಿಕೊಂಡು, ಮತ್ತೆ ಏರಿದಳು.

"ಅಪ್ಪ, ನಿಜವಾಗ್ಲೂ ಇಷ್ಟ ಇರ್ಲಿಲ್ವಾ?"

"ಇರ್ಲಿಲ್ಲ. ಭಯ ಆಗ್ತಿತ್ತು."

"ಈಗ?"

"ಈಗ ನೀನು ಇಳಿದದ್ದು ನೋಡ್ದೆ. ನನಗೆ ಹಾಗೆ ಇಳಿಯೋಕೆ ಇವತ್ತಿಗೂ ಬರಲ್ಲ."

ಗುಬ್ಬಿ ನಕ್ಕಳು. ಭಾವನೂ ನಕ್ಕರು. ಎರಡೂ ವಿಮಾನಗಳು ಅಕ್ಕಪಕ್ಕದಲ್ಲಿ ರನ್‌ವೇಯ ಸುತ್ತ ಒಂದು ಸುತ್ತು ಹಾಕಿದವು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಸಮನ್ವಯಾಧಿಕಾರಿಗಳೂ ಚಪ್ಪಾಳೆ ತಟ್ಟಿದರು. ತಟ್ಟಿ ಮುಗಿಸಿ, "ರಾಜಿಯಾಗಿದೆ. ತಕರಾರು ವಜಾ" ಎಂದರು.

ಈಗ ಇಬ್ಬರೂ ಮೇಲೆ. ಜಗಳವಾಡುವ ಮನಸ್ಸು ಇಬ್ಬರಿಗೂ ಇಲ್ಲ.

"ನೀನು ಮೊದಲು ಇಳಿ ಮಗಳೇ."

"ಇಲ್ಲಪ್ಪ, ನೀವು ಇಳೀರಿ. ತಿಂಡಿ ಕೂಡ ಅರ್ಧಕ್ಕೇ ಬಿಟ್ಟು ಬಂದಿದ್ದೀರಿ ನೀವು."

"ನೀನು ಇಳಿದ ಹೊರತು ನಾನು ಇಳಿಯಲ್ಲ."

"ನೀವು ಇಳಿಯೋವರೆಗೂ ನಾನೂ ಇಳಿಯಲ್ಲ."

ಸಮನ್ವಯಾಧಿಕಾರಿಗಳು ನಿಯಮಗಳನ್ನು ಮನಸ್ಸಿನಲ್ಲೇ ಎರಡು ಸಲ ಮಗುಚಿ ಹಾಕಿ, ಇದೂ ತಕರಾರೇ ಎಂದು ತೀರ್ಮಾನಿಸಿದರು. ಗುಬ್ಬಿಯ ವಾದವನ್ನು ಎತ್ತಿಹಿಡಿದು, ಭಾವನಿಗೆ ಇಳಿಯುವಂತೆ ಆದೇಶಿಸಿದರು. ಗೆದ್ದ ಗುಬ್ಬಿಗೂ ನಿಯಮದಂತೆ ಇಳಿಯುವ ಹಕ್ಕಿತ್ತು. ಆದರೆ ತಂದೆ ಇಳಿಯಬೇಕೆಂಬುದೇ ಅವಳ ಗೆಲುವಾದ್ದರಿಂದ, ಆ ಹಕ್ಕನ್ನು ಅವಳ ಬದಲು ಭಾವನೇ ಬಳಸಿಬಿಟ್ಟಿದ್ದರು. ಭಾವ ಬಂದು ಅರ್ಧ ತಿಂದ ಬ್ರೆಡ್ಡನ್ನು ಮುಗಿಸಿದರು. ಗುಬ್ಬಿಗೋಸ್ಕರ ಅಕ್ಕ ಮೇಲೆ ಹೋದಳು. ಅಕ್ಕನಿಗೋಸ್ಕರ ಭಾವ ಹೋದರು.

ಕಾಯಂ ಪ್ರತಿವಾದಿಗಳು ತರಬೇತಿ ಮುಗಿಸಿ ಬರಲಿಲ್ಲ. ಅವರ ಪ್ರತಿಭೆ ಕಂಡು ಅಲ್ಲೇ ಬಡ್ತಿ ಕೊಟ್ಟು ಉಳಿಸಿಕೊಂಡರಂತೆ. ಅಂದಿನಿಂದ ನಮ್ಮ ಮನೆಯ ಒಬ್ಬರು ಯಾವಾಗಲೂ ಮೇಲಿರುತ್ತಾರೆ. ಊರಿನ ಉಳಿದ ಪೈಲಟ್‌ಗಳಿಗೂ ಇದರಿಂದ ಅನುಕೂಲ, ಯಾವ ಹೊತ್ತಿಗೆ ಬಂದರೂ ಜಗಳಕ್ಕೆ ಜನ ಸಿಗುತ್ತಾರೆ. ದೇಶದಲ್ಲೇ ಅತಿ ಹೆಚ್ಚು ಹೊತ್ತು ವಿಮಾನ ಹಾರಾಡುವ ನಿಲ್ದಾಣವೆಂದು ಇಲಾಖೆ ನಮಗೆ ಪ್ರಶಸ್ತಿ ನೀಡಿದೆ. ಅಷ್ಟು ಹಾರಿದ್ದರಿಂದ ಗುಬ್ಬಿಗೆ ಲೈಸೆನ್ಸ್ ಬಹಳ ಬೇಗ ಸಿಕ್ಕಿತು. ಮೇಲಿರುವವರು ಯಾರು ಎಂದು ನೆರೆಮನೆಯವರು ಸದ್ದಿನಲ್ಲೇ ಗುರುತಿಸುತ್ತಾರೆ, "ಇವತ್ತು ಅಮ್ಮಾವ್ರು" ಎನ್ನುತ್ತಾರೆ.

ಮೊನ್ನೆ ಒಳ್ಳೆಯ ಮನೆತನದವರೊಬ್ಬರು ಗುಬ್ಬಿಯನ್ನು ನೋಡಲು ಬಂದಿದ್ದರು. ಅಂದು ಮೇಲಿರುವ ಸರದಿ ಅವಳದೇ ಆದ್ದರಿಂದ ತಲೆಯೆತ್ತಿಯೇ ನೋಡಿದರು. ಹುಡುಗನೂ ಪೈಲಟ್. ಮಾತುಕತೆ ಎಲ್ಲ ಮುಗಿದ ಮೇಲೆ ಭಾವ ಅವನನ್ನು ಒಂದೇ ಪ್ರಶ್ನೆ ಕೇಳಿದರು.

"ಜಗಳ ಆಡ್ತೀರಾ?"

"ಇಲ್ಲ ಸಾರ್, ನನಗೆ ಕೋಪಾನೇ ಬರಲ್ಲ" ಎಂದ ಹುಡುಗ, ವಿನಯದಿಂದ.

ಅಕ್ಕ, ಭಾವ ಮುಖ ಮುಖ ನೋಡಿಕೊಂಡರು. ಇಂಥವನನ್ನು ನಂಬಿ ಮಗಳನ್ನು ಮೇಲೆ ಕಳಿಸುವುದು ಹೇಗೆ? ಸಂಬಂಧವನ್ನು ಬೇಡವೆಂದೆವು. ರೇಡಿಯೋದಲ್ಲಿ ಕೇಳಿದಾಗ ಗುಬ್ಬಿಗೂ ಅದೇ ಸರಿ ಎನ್ನಿಸಿತು.