ನಂತೂರು ದಾಟದ ಏಡಿ ಮತ್ತು ನಮ್ಮ ಮನೆಯ ಇವರು

ನಮ್ಮ ಪುಳ್ಳಿಯ, ಅಂದರೆ ಮೊಮ್ಮಗಳ, ಸಿನಿಮಾ ನಿನ್ನೆ ಸಂಜೆ ಕಾಲೇಜಿಗೆ ಮುಟ್ಟಿತು! ಅವಳ ಒಂದು ವರ್ಷ ಉಳಿಯಿತು, ಅವಳ ಕಂಪ್ಯೂಟರ್ ಉಳಿಯಿತು, ಅವಳ ಅಜ್ಜನೂ ಕರೆಂಟ್ ಹೊಡೆಸಿಕೊಳ್ಳದೆ ಉಳಿದರು. ಮೂರರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದ್ದೆ ಎಂದು ಕೇಳಬೇಡಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು, ಆದರೂ ಇದನ್ನು ಬರೆಯದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ಗಂಡನ ಹೆಸರು ಬರೆಯುವ ಅಭ್ಯಾಸ ನನಗಿಲ್ಲ, 'ಇವರು' ಎಂದರೆ ಸಾಕು. ಇವರಷ್ಟು ಧೈರ್ಯದವರು ಮಂಗಳೂರಿನಲ್ಲಿ ಇಲ್ಲ, ಇವರಷ್ಟು ಪುಕ್ಕಲರೂ ಇಲ್ಲ. ವಯಸ್ಸೆಲ್ಲ ಬೋಟಿನಲ್ಲಿ ಕಳೆದವರು. ಗಾಳಿ ಎದ್ದು ಕಡಲು ಮಗುಚಿದ ಹಾಗೆ ಕಂಡ ದಿನವೂ ಬೀಡಿ ಆರಿಸದೆ ಬಲೆ ಎಳೆದವರು. ಆದರೆ ದೇರೆಬೈಲಿನ ನಮ್ಮ ಮನೆಯಲ್ಲಿ ಒಂದು ಹಲ್ಲಿ ಲೊಚಗುಟ್ಟಲಿ, ಊಟದ ಬಟ್ಟಲು ಬಿಟ್ಟು ಏಳುತ್ತಾರೆ. ಯಾಕೆ ಗೊತ್ತೇ? ಒಮ್ಮೆ ಹಲ್ಲಿಯೊಂದು ಟಿವಿಯ ಒಳಗೆ ಹೊಕ್ಕು, ತಾನೂ ಸತ್ತು ಟಿವಿಯನ್ನೂ ಕೊಂದಿತು. ಆಮೇಲೆ ನಮ್ಮ ಮನೆಯ ಯಂತ್ರಗಳಿಗೆಲ್ಲ ಅಂಗಿ ಬಂತು. ಮಿಕ್ಸಿಗೆ ಪ್ಲಾಸ್ಟಿಕ್ ಅಂಗಿ, ಗ್ರೈಂಡರಿಗೆ ಹಳೆ ಲುಂಗಿ. ನೆಂಟರು ಬಂದರೆ ಅಡುಗೆ ಕೋಣೆಯಲ್ಲಿ ಯಾರೋ ಮುಸುಕು ಹಾಕಿ ಕೂತಿದ್ದಾರೆಂದು ಬೆಚ್ಚುತ್ತಾರೆ.

ಮೊಮ್ಮಗಳು ಕಲಿಯುವುದು ಕಂಪ್ಯೂಟರಿನಲ್ಲಿ ಗೊಂಬೆ ಸಿನಿಮಾ ಮಾಡುವ ವಿದ್ಯೆ. ಕೊನೆಯ ವರ್ಷ. ಅವಳ ಸಿನಿಮಾದಲ್ಲಿ ಒಂದು ಏಡಿ ಕಾಲಿಗೆ ಚಪ್ಪಲಿ ಹುಡುಕಿಕೊಂಡು ಮಂಗಳೂರು ಸುತ್ತುತ್ತದೆ. ಎಷ್ಟು ಜೊತೆ ಬೇಕು, ನೀವೇ ಯೋಚಿಸಿ! ಆ ಏಡಿ ನಂತೂರಿನ ಸರ್ಕಲ್ ದಾಟಬೇಕು. ಮನುಷ್ಯರಿಗೇ ದಾಟಲು ಆಗದ ಜಾಗ. ಲಾರಿ, ಬಸ್ಸು, ಧೂಳು ಎಲ್ಲವನ್ನೂ ಕಂಪ್ಯೂಟರ್ ಒಂದೊಂದೇ ಚಿತ್ರವಾಗಿ ಅರೆದು ಕೊಡಬೇಕು. ಏಡಿ ರಸ್ತೆಯ ನಡುವಿಗೆ ಬಂದದ್ದೇ ತಡ, ಒಳಗಿನ ಪ್ರೊಸೆಸರ್ ಕಾದು ಕಂಪ್ಯೂಟರ್ ಫಕ್ಕನೆ ಆರುತ್ತಿತ್ತು.

"ಅದಕ್ಕೆ ಎಂತ ಆಗ್ತದೆ ಮಗಾ?"

"ಜ್ವರ ಬಂದ ಹಾಗೆ ಅಜ್ಜಿ. ನೂರು ಡಿಗ್ರಿ ಮುಟ್ಟಿದ್ರೆ ಜೀವ ಉಳಿಸ್ಲಿಕ್ಕೆ ತಾನೇ ಆಫ್ ಆಗ್ತದೆ. ಹೀಗೇ ಆದ್ರೆ ಒಂದು ದಿನ ಸುಟ್ಟು ಹೋಗ್ತದೆ."

ನಿನ್ನೆ ಸಂಜೆಯೊಳಗೆ ಸಿನಿಮಾ ಕಳಿಸದಿದ್ದರೆ ಅವಳ ವರ್ಷ ಹೋಯಿತು. ಕಾಲೇಜಿನ ಕಂಪ್ಯೂಟರುಗಳಿಗೆ ಮಕ್ಕಳ ಸಾಲು. ರಿಪೇರಿಯವರನ್ನು ಕೇಳಿದರೆ, ಬಿಟ್ಟು ಹೋಗಿ, ಮುಂದಿನ ವಾರ ನೋಡುವ ಎಂದರು. ಹುಡುಗಿ ಟೇಬಲ್ ಫ್ಯಾನ್ ತಂದು ಕಂಪ್ಯೂಟರಿನ ಡಬ್ಬಕ್ಕೆ ಗಾಳಿ ಹಾಕಿದಳು. ಜ್ವರ ಇಳಿಯಲಿಲ್ಲ. ಊಟ ಬಿಟ್ಟಳು, ಮಾತು ಬಿಟ್ಟಳು. ಅವಳ ಮುಖ ನೋಡಲಾಗದೆ ನಾನು ಕದ್ರಿಯ ದೇವರಿಗೆ ಹೂವಿನ ಪೂಜೆ ಹೇಳಿಕೊಂಡೆ. ಪ್ರೊಸೆಸರ್ ಎಂಬುದನ್ನು ದೇವರಿಗೆ ಹೇಗೆ ವಿವರಿಸುವುದು? 'ಒಳಗೆ ಕಾಯುವ ಸಾಮಾನು' ಎಂದೆ.

ನಿನ್ನೆ ಬೆಳಿಗ್ಗೆ ಇವರು ಮನೆಯಲ್ಲಿ ಕಾಣಲಿಲ್ಲ. ಬಂದದ್ದು ರಿಕ್ಷಾದಲ್ಲಿ, ಬೋಟು ನಿಲ್ಲುವ ದಕ್ಕೆಯಿಂದ. ಮಡಿಲಲ್ಲಿ ಮೀನಿನ ಪೆಟ್ಟಿಗೆ, ಅದರ ತುಂಬ ಪುಡಿ ಐಸು.

"ಎಂತ ಇದು?" ಎಂದೆ.

"ಕಾಣುದಿಲ್ವಾ? ಬಂಗುಡೆಯೇ ಇದರಲ್ಲಿ ಕೆಡುದಿಲ್ಲ, ಕಂಪ್ಯೂಟರ್ ಎಂತ ಕೆಡುದು?"

"ಬಂಗುಡೆಗೆ ವಯರ್ ಉಂಟಾ ಮಾರಾಯ್ರೆ?"

"ವಯರ್ ಹೊರಗೆ ಇಡುವ."

ನಾನು ಬಾಯಿ ತೆರೆಯುವ ಮೊದಲೇ ಪೆಟ್ಟಿಗೆ ಕೋಣೆಯೊಳಗೆ ಹೋಯಿತು. ಪೆಟ್ಟಿಗೆಯ ಮೂಲೆ ಒಡೆದಿತ್ತು. ನೀರು ನೆಲದ ಮೇಲೆ ಹಾವಿನ ಹಾಗೆ ಹರಿದು ಪ್ಲಗ್ ಬೋರ್ಡಿನ ಕಡೆಗೆ ಹೋಗುತ್ತಿತ್ತು. ಇವರು ಬರಿಗಾಲಲ್ಲಿ, ಎರಡೂ ಕೈಯಲ್ಲಿ ಐಸು ಹಿಡಿದು ನಿಂತಿದ್ದರು. ಮೊಮ್ಮಗಳು "ಅಜ್ಜಾ, ಅಲ್ಲೇ ನಿಲ್ಲಿ" ಎಂದು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು. ಕಡಲು ಬಿಟ್ಟುಕೊಟ್ಟ ಮನುಷ್ಯನನ್ನು ಐಸು ಕೊಂಡುಹೋಗಬೇಕೇ?

"ನೀವು ಸತ್ರೆ ನಾನು ಯಾರಿಗೆ ಬೈಯುದು?" ಎಂದೆ.

ಹೇಗೂ ಕರೆಂಟ್ ಇಲ್ಲವಲ್ಲ ಎಂದು ಮೊಮ್ಮಗಳು ನೆಲ ಒರೆಸಿ, ಡಬ್ಬವನ್ನು ಕಿಟಕಿಯ ಬೆಳಕಿಗೆ ತಂದು ಸ್ಕ್ರೂ ಬಿಚ್ಚಿದಳು. ಮುಚ್ಚಳ ತೆಗೆದು ನೋಡಿದರೆ, ಗಾಳಿ ಹೋಗುವ ತೂತುಗಳಿಗೆಲ್ಲ ಒಳಬದಿಯಿಂದ ಸೊಳ್ಳೆಪರದೆ! ಎರಡು ಪದರ. ನೈಲಾನ್ ನೂಲಿನಲ್ಲಿ ಅಂಚಿಗೆಲ್ಲ ಸಾಲಾಗಿ ಗಂಟು. ಅದರ ಮೇಲೆ ಧೂಳು ಕಂಬಳಿಯ ಹಾಗೆ ದಪ್ಪಗೆ ಕೂತಿತ್ತು. ಪಾಪ, ಅದು ಉಸಿರಾಡುವುದಾದರೂ ಹೇಗೆ?

"ಇದು ಯಾರು ಹೊಲಿದದ್ದು?" ಎಂದಳು.

ಆ ಗಂಟು ನನಗೆ ಗೊತ್ತಿಲ್ಲವೇ? ನಮ್ಮ ಅಂಗಳದಲ್ಲಿ ಹರಿದ ಬಲೆಗಳಿಗೆಲ್ಲ ಬಿದ್ದದ್ದು ಅದೇ ಗಂಟು. ಹಿಂದೊಮ್ಮೆ ನಾವೆಲ್ಲ ಮದುವೆಗೆ ಹೊರಟಾಗ ಹೊಟ್ಟೆ ಸರಿ ಇಲ್ಲ ಎಂದು ಇವರು ಮನೆಯಲ್ಲೇ ಉಳಿದದ್ದು ಯಾಕೆಂದು ಈಗ ತಿಳಿಯಿತು.

"ಹಲ್ಲಿ ಹೋಗ್ತದೆ ಅಂತ," ಎಂದರು ಇವರು, ಸಣ್ಣ ದನಿಯಲ್ಲಿ. "ಗಾಳಿ ಹೋಗ್ಲಿಕ್ಕೆ ಬಲೆಯ ಕಣ್ಣು ಬಿಟ್ಟಿದ್ದೆ."

"ಬಿಟ್ಟಿದ್ದೀರಿ ಅಜ್ಜ. ಧೂಳು ಮುಚ್ಚಿದ್ದು."

ಅವಳು ಕತ್ತರಿ ಹಾಕಿದಳು, ಧೂಳನ್ನೆಲ್ಲ ಬ್ರಷ್‌ನಿಂದ ತೆಗೆದಳು. ಮೇನ್ ಸ್ವಿಚ್ ಏರಿಸಿ ಮತ್ತೆ ಶುರು ಮಾಡಿದಳು. ಏಡಿ ನಂತೂರಿಗೆ ಬಂತು. ಎಂಬತ್ತು ಡಿಗ್ರಿ. ಲಾರಿ ಬಂತು, ಬಸ್ಸು ಬಂತು. ಎಂಬತ್ತರ ಮೇಲೆ ಸ್ವಲ್ಪ ಏರಿತು, ಅಲ್ಲೇ ನಿಂತಿತು. ಮಧ್ಯಾಹ್ನ ಕಳೆಯುವಾಗ ಏಡಿ ಆಚೆ ದಡದಲ್ಲಿತ್ತು! ಹೊತ್ತು ಮುಳುಗುವ ಮೊದಲು ಸಿನಿಮಾ ಹೋಯಿತು, ಮುಟ್ಟಿತು ಎಂದು ಕಾಲೇಜಿನಿಂದ ಉತ್ತರವೂ ಬಂತು. ನಾನು ಅವಳನ್ನು ತಬ್ಬಿಕೊಂಡು ಕುಣಿದೆ, ಮೊಣಕಾಲು ಇವತ್ತೂ ನೋಯುತ್ತಿದೆ.

ಸಂಜೆ ಮಗ, ಸೊಸೆ ಕೆಲಸದಿಂದ ಬಂದರು. ಬಂಗುಡೆ ಮೀನಿನ ಗಸಿ ಮಾಡಿದ್ದೆ. ಎಲ್ಲರೂ ಕೂತೆವು. ಇವರ ಕೈ ಅನ್ನದಲ್ಲೇ ನಿಂತಿತ್ತು.

"ನಿನ್ನ ವರ್ಷ ನಾನೇ ಹಾಳು ಮಾಡ್ತಿದ್ದೆ ಮಗಾ," ಎಂದರು. ಅದನ್ನು ಕೇಳಿ ನನಗೆ ಐಸು ಕಂಡದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮದುವೆಯ ವಯಸ್ಸಿನ ಮೊಮ್ಮಗಳು ಎದ್ದು ಹೋಗಿ, ಚಿಕ್ಕಂದಿನ ಹಾಗೆ ಇವರ ಪಕ್ಕ ಒತ್ತಿಕೊಂಡು ಕೂತು, ತನ್ನ ಬಟ್ಟಲನ್ನು ಇವರ ಮುಂದಕ್ಕೆ ತಳ್ಳಿದಳು.

"ಅಜ್ಜ, ಮುಳ್ಳು ತೆಗೆದು ಕೊಡಿ."

ಇವರು ಕನ್ನಡಕ ಸರಿ ಮಾಡಿಕೊಂಡು, ಮೀನಿನ ತುಂಡನ್ನು ಬೆಳಕಿಗೆ ಹಿಡಿದು, ಒಂದೊಂದೇ ಮುಳ್ಳು ತೆಗೆಯತೊಡಗಿದರು. ಅವಳು ಬಾಯಿ ತೆರೆದು ಕಾಯುತ್ತಿದ್ದಳು. ನಾವೆಲ್ಲ ನೋಡದವರ ಹಾಗೆ ತಲೆ ತಗ್ಗಿಸಿ ಊಟ ಮಾಡಿದೆವು.